‘ಮತ್ತು ಇನ್ನೊಬ್ಬರು’ ಅಂದರೆ ಯಾರು?

ನಮಸ್ಕಾರ. ನೀವು ಕಳಿಸಿದ ‘ಆಗಸದಲ್ಲಿ ಮೃತ್ಯುತಾಂಡವ’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ರಾತ್ರಿ ಊಟ ಆದಮೇಲೆ. ಸಿಟ್ಟು ಬಂತು, ಮುಚ್ಚಿಟ್ಟೆ. ಬೆಳಿಗ್ಗೆ ಕಾಫಿ ಕುಡೀತಾ ಇನ್ನೊಂದು ಸಲ. ಸಿಟ್ಟು ಇಳಿಯಲಿಲ್ಲ, ಆದರೆ ಯಾಕೆ ಬಂತು ಅನ್ನೋದು ಗೊತ್ತಾಯಿತು. ಅದಕ್ಕೇ ‘ಪ್ರಕಟಣೆಗೆ ಸ್ವೀಕೃತವಾಗಿಲ್ಲ’ ಅಂತ ಒಂದು ಸಾಲು ಹಾಕಿ ಕೈತೊಳೆದುಕೊಳ್ಳದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ವಿಷಯದ ಆಯ್ಕೆ ಚೆನ್ನಾಗಿದೆ. 1986ರ ಅಕ್ಟೋಬರ್ 5ರಂದು ಮಧ್ಯ ಅಮೆರಿಕದ ನಿಕರಾಗುವಾದ ಕಾಡಿಗೆ ಬಿದ್ದ ಆ ಸಿ-123 ಸರಕು ವಿಮಾನದ ಬಗ್ಗೆ ಕನ್ನಡದಲ್ಲಿ ನಾನು ಓದಿದ್ದು ಬಹಳ ಕಮ್ಮಿ. ದಿನಾಂಕಗಳು ಸರಿ ಇವೆ. ಕಾಗುಣಿತದ ತಪ್ಪಿಲ್ಲ, ಈಗಿನ ಕಾಲದಲ್ಲಿ ಅದೂ ದೊಡ್ಡದೇ. ಹೊಗಳಿಕೆ ಮುಗೀತು.

ಈಗ ನಿಮ್ಮ ಮೊದಲ ಪ್ಯಾರಾ. ‘ಅಂದು ಆಕಾಶ ನಿರ್ಮಲವಾಗಿತ್ತು. ಬೆಳ್ಮುಗಿಲುಗಳು ಮುತ್ತಿನ ಹಾರದಂತೆ ತೇಲುತ್ತಿದ್ದವು. ಗುಜರಿ ಸೇರಬೇಕಿದ್ದ ಮುದಿ ವಿಮಾನವೊಂದು ಏದುಸಿರು ಬಿಡುತ್ತಾ ಸಾಗುತ್ತಿತ್ತು. ಆದರೆ ವಿಧಿಯ ಲೆಕ್ಕಾಚಾರವೇ ಬೇರೆಯಾಗಿತ್ತು!’

ಆಕಾಶ ನಿರ್ಮಲವಾಗಿತ್ತೋ, ಮುಗಿಲಿತ್ತೋ? ಎರಡರಲ್ಲಿ ಒಂದು ಹೇಳಿ. ಅಥವಾ ಎರಡೂ ಬೇಡ, ಯಾಕಂದರೆ ನೀವು ಅಲ್ಲಿರಲಿಲ್ಲ, ನಾನೂ ಇರಲಿಲ್ಲ.

ಮೂರನೇ ಸಾಲು ನನ್ನನ್ನು ನಿಜಕ್ಕೂ ಕೆರಳಿಸಿತು. ‘ಗುಜರಿ’, ‘ಮುದಿ’, ‘ಏದುಸಿರು’. ಆ ವಿಮಾನ ಹಳೆಯದಾಗಿದ್ದಕ್ಕೆ ಬಿತ್ತಾ? ಇಲ್ಲ. ಎರಡು ಪ್ರೊಪೆಲ್ಲರ್ ಎಂಜಿನ್, ರೆಕ್ಕೆಯಡಿ ಇನ್ನೆರಡು ಸಣ್ಣ ಜೆಟ್ ಎಂಜಿನ್, ಗಿಡ್ಡ ಮಣ್ಣಿನ ರನ್‌ವೇ ಇದ್ದರೂ ಸಾಕು ಅನ್ನೋ ಗಟ್ಟಿ ಗಾಡಿ ಅದು. ವಿಯೆಟ್ನಾಂ ಯುದ್ಧದಲ್ಲಿ ದುಡಿದ ಜಾತಿ. ಆಮೇಲೆ ಅಮೆರಿಕದ ಸೇನೆ ಇವನ್ನು ಕೈಬಿಟ್ಟಿತು. ಹಾಗಾದರೆ ಇಂಥ ಹಳೆಯದೇ ಯಾಕೆ ಬೇಕಾಯಿತು? ಲೇಖನದ ಜೀವ ಇರೋದೇ ಈ ಪ್ರಶ್ನೆಯಲ್ಲಿ, ನೀವು ಅದನ್ನು ಕೇಳಲೇ ಇಲ್ಲ. ನಿಕರಾಗುವಾದ ಎಡಪಂಥೀಯ ಸ್ಯಾಂಡಿನಿಸ್ಟಾ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಕಾಂಟ್ರಾ ಬಂಡುಕೋರರಿಗೆ ಶಸ್ತ್ರ ಕೊಡೋ ದಾರಿಯನ್ನು ಅಮೆರಿಕದ ಸಂಸತ್ತು 1984ರಲ್ಲಿ ಮುಚ್ಚಿತ್ತು. ಆಮೇಲೆ ವಾಯುಪಡೆಯ ವಿಮಾನದಲ್ಲಿ ಬಂದೂಕು ಕಳಿಸೋಕೆ ಆಗುತ್ತಾ? ಅದಕ್ಕೇ ಸೇನೆಗೆ ಬೇಡವಾದ ಒಂದು ವಿಮಾನ, ಯಾರೂ ಕೇಳಿರದ ಒಂದು ಕಂಪನಿಯ ಹೆಸರು, ಎಲ್ ಸಾಲ್ವಡಾರ್‌ನ ಇಲೊಪಾಂಗೊ ನೆಲೆಯಿಂದ ಹಾರಾಟ, ಸುತ್ತು ಬಳಸಿ ದಕ್ಷಿಣದ ಕಡೆಯಿಂದ ನಿಕರಾಗುವಾದ ಒಳಕ್ಕೆ. ಏನಾದರೂ ಎಡವಟ್ಟಾದರೆ ‘ನಮ್ಮದಲ್ಲ’ ಅನ್ನಬಹುದು. ಅಂದೂಬಿಟ್ಟರು, ಅಧ್ಯಕ್ಷ ರೇಗನ್ ಮತ್ತು ಅವರ ಅಧಿಕಾರಿಗಳು. ಹಳೆಯದು ಅನ್ನೋದೇ ಆ ವಿಮಾನದ ಯೋಗ್ಯತೆ ಆಗಿತ್ತು ಸ್ವಾಮಿ. ನೀವು ಅದಕ್ಕೆ ಏದುಸಿರು ಹಚ್ಚಿ ಕೂರಿಸಿದ್ದೀರಿ.

ನಾಲ್ಕನೇ ಸಾಲಿನ ‘ವಿಧಿ’ ಅಂದರೆ 19 ವರ್ಷದ ಒಬ್ಬ ಸೈನಿಕ. ಹೊಸೆ ಫರ್ನಾಂಡೊ ಕನಾಲೆಸ್. ಹೆಗಲ ಮೇಲಿಟ್ಟು ಹಾರಿಸುವ ಸೋವಿಯತ್ ಕ್ಷಿಪಣಿ ಅವನ ಹತ್ತಿರ ಇತ್ತು, ಗುರಿಯಿಟ್ಟು ಹೊಡೆದ. ಇಷ್ಟು ಮಾಡಿದವನು ನಿಮ್ಮ ಒಂಬತ್ತನೇ ಪುಟದವರೆಗೆ ಬರೋದೇ ಇಲ್ಲ. ವಿಧಿ ಮಾತ್ರ ಮೊದಲ ಪ್ಯಾರಾದಲ್ಲೇ ಹಾಜರ್.

ಏಳನೇ ಪುಟ: ‘ಅದೃಷ್ಟವಶಾತ್ ಯೂಜೀನ್ ಹೇಸನ್‌ಫಸ್ ಪಾರಾದ (ಆತನ ಬಳಿ ಪ್ಯಾರಾಶೂಟ್ ಇತ್ತು).’ ಇದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. ಪ್ಯಾರಾಶೂಟ್ ಬ್ರಾಕೆಟ್ಟಿನೊಳಗಾ? ವಿಮಾನದಲ್ಲಿದ್ದವರು ನಾಲ್ಕು ಜನ, ಪ್ಯಾರಾಶೂಟ್ ಹಾಕಿಕೊಂಡಿದ್ದು ಇವನೊಬ್ಬ. ಅದೂ ತಾನೇ ತಂದುಕೊಂಡಿದ್ದು. ಇವನ ಕೆಲಸಕ್ಕೆ ‘ಕಿಕ್ಕರ್’ ಅಂತಾರೆ, ತೆರೆದ ಬಾಗಿಲ ಹತ್ತಿರ ನಿಂತು ಸಾಮಾನಿನ ಕಟ್ಟುಗಳನ್ನು ಕೆಳಕ್ಕೆ ದಬ್ಬೋದು. ರೈಫಲ್, ಗುಂಡು, ಗ್ರೆನೇಡ್ ಲಾಂಚರ್, ಜೊತೆಗೆ ಕಾಡಿನಲ್ಲಿ ಓಡಾಡೋಕೆ ಬೂಟು. ಪೆಟ್ಟು ಬಿದ್ದಾಗ ಬಾಗಿಲು ಪಕ್ಕದಲ್ಲೇ ಇತ್ತು, ಹಾರಿದ. ಇದರಲ್ಲಿ ಅದೃಷ್ಟ ಎಷ್ಟು, ಮುಂಜಾಗ್ರತೆ ಎಷ್ಟು? ಮಾರನೇ ದಿನ ಕಾಡಿನಲ್ಲಿ ಸಿಕ್ಕಿಬಿದ್ದ. ಸೈನಿಕ ಹಗ್ಗ ಹಿಡಿದು ಅವನನ್ನು ನಡೆಸಿಕೊಂಡು ಬರೋ ಫೋಟೋ ಲೋಕವೆಲ್ಲಾ ಸುತ್ತಿತು. ಎಲ್ಲರೂ ಸತ್ತಿದ್ದರೆ ‘ನಮ್ಮದಲ್ಲ’ ಅನ್ನೋದು ಇನ್ನೂ ಸ್ವಲ್ಪ ದಿನ ನಡೀತಿತ್ತೋ ಏನೋ. ಒಬ್ಬ ಉಳಿದ, ಕ್ಯಾಮೆರಾ ಮುಂದೆ ಬಾಯಿಬಿಟ್ಟ. ಹಿಂದೆಯೇ ಸಾಲ್ವಡಾರ್‌ನಲ್ಲಿ ಇವರು ಉಳಿದುಕೊಂಡಿದ್ದ ಮನೆಗಳ ಟೆಲಿಫೋನ್ ಲೆಕ್ಕ ಹೊರಬಿತ್ತು, ಶ್ವೇತಭವನದ ಅಧಿಕಾರಿ ಆಲಿವರ್ ನಾರ್ತ್ ಕಚೇರಿಗೆ ಹೋದ ಕರೆಗಳು ಅದರಲ್ಲಿದ್ದವು. ಇರಾನಿಗೆ ಗುಟ್ಟಾಗಿ ಶಸ್ತ್ರ ಮಾರಿ ಬಂದ ದುಡ್ಡನ್ನು ಕಾಂಟ್ರಾಗಳಿಗೆ ಹರಿಸಿದ ಇರಾನ್-ಕಾಂಟ್ರಾ ಹಗರಣದ ಒಂದು ತುದಿ ಇಲ್ಲಿಂದಲೇ ಬಿಚ್ಚಿಕೊಂಡಿದ್ದು. ಅಷ್ಟಕ್ಕೂ ಕಾರಣವಾದ ಬಟ್ಟೆಯ ಗಂಟನ್ನು ನೀವು ಬ್ರಾಕೆಟ್ಟಿಗೆ ತುರುಕಿದ್ದೀರಿ.

ಇದನ್ನೂ ಕ್ಷಮಿಸುತ್ತಿದ್ದೆ. ಎಂಟನೇ ಪುಟದ ಈ ಸಾಲನ್ನು ಮಾತ್ರ ಆಗೋದಿಲ್ಲ: ‘ಪೈಲಟ್‌ಗಳಾದ ವಿಲಿಯಂ ಕೂಪರ್, ವ್ಯಾಲೇಸ್ ಸಾಯರ್ ಮತ್ತು ಇನ್ನೊಬ್ಬರು ಅಸುನೀಗಿದರು.’

ನಾನು ಕೆಲಸಕ್ಕೆ ಸೇರಿದ್ದು ಒಂದು ಸಣ್ಣ ಜಿಲ್ಲಾ ಪತ್ರಿಕೆಯಲ್ಲಿ. ಸೇರಿ ಮೂರು ತಿಂಗಳಾಗಿರಬೇಕು. ಅರಬೈಲ್ ಘಟ್ಟದಲ್ಲಿ ಈರುಳ್ಳಿ ಲಾರಿ ಮಗುಚಿತ್ತು. ‘ಕ್ಲೀನರ್ ಸೇರಿ ಇಬ್ಬರ ಸಾವು’ ಅಂತ ಬರೆದು ಕೊಟ್ಟೆ. ಡ್ರೈವರ್ ಹೆಸರು, ಊರು, ವಯಸ್ಸು ಎಲ್ಲಾ ಇತ್ತು. ನಮ್ಮ ಸುದ್ದಿ ಸಂಪಾದಕರು ‘ಕ್ಲೀನರ್’ ಅನ್ನೋ ಪದಕ್ಕೆ ಕೆಂಪು ಸುತ್ತು ಹಾಕಿ, ‘ಇವನಿಗೆ ಅಪ್ಪ ಅಮ್ಮ ಹೆಸರಿಟ್ಟಿಲ್ವೇನೋ?’ ಅಂದರು. ‘ಪೊಲೀಸರು ಹೇಳಲಿಲ್ಲ ಸಾರ್.’ ‘ನೀನು ಕೇಳಿದ್ಯಾ?’ ಕೇಳಿರಲಿಲ್ಲ. ಸಿಕ್ಕ ಬಸ್ಸು ಹತ್ತಿ ಯಲ್ಲಾಪುರಕ್ಕೆ ಹೋದೆ. ಆಸ್ಪತ್ರೆ ಹಿಂದಿನ ಶೆಡ್ಡಿನ ಮುಂದೆ ಹುಡುಗನ ಭಾವ ಕೂತಿದ್ದ. ಪ್ಲಾಸ್ಟಿಕ್ ಕವರಿನಲ್ಲಿ ಹವಾಯಿ ಚಪ್ಪಲಿ, ಒಂದೇ ಕಾಲಿನದು. ಇನ್ನೊಂದು ಸಿಗಲಿಲ್ಲವಂತೆ. ಹುಡುಗನಿಗೆ ಹದಿನಾರು. ನಾನು ವಾಪಸ್ ಬರೋ ಹೊತ್ತಿಗೆ ಪುಟ ಅಚ್ಚಿಗೆ ಹೋಗಿತ್ತು. ಮಾರನೇ ದಿನ ಅವರು ಹೆಸರಿನ ಸಮೇತ ನಾಲ್ಕು ಸಾಲು ಹಾಕಿಸಿದರು. ತಿದ್ದುಪಡಿ ಅಂತಲ್ಲ, ಸುದ್ದಿ ಅಂತಲೇ. ಹೆಸರು ನನಗಿನ್ನೂ ನೆನಪಿದೆ. ಮನೆಯವರಿದ್ದಾರೆ, ಇಲ್ಲಿ ಬರೆಯೋದಿಲ್ಲ.

ನಿಮ್ಮ ‘ಇನ್ನೊಬ್ಬರ’ ಹೆಸರು ಫ್ರೆಡ್ಡಿ ವಿಲ್ಚೆಸ್. ರೇಡಿಯೊ ನೋಡಿಕೊಳ್ಳುತ್ತಿದ್ದ ಹುಡುಗ. ಆ ವಿಮಾನದಲ್ಲಿದ್ದ ಒಬ್ಬನೇ ಒಬ್ಬ ನಿಕರಾಗುವಾದವನು. ಉಳಿದ ಮೂವರಿಗೆ ಅದು ಸಂಬಳದ ಕೆಲಸ, ಹೇಸನ್‌ಫಸ್‌ಗೆ ತಿಂಗಳಿಗೆ 3,000 ಡಾಲರ್. ಅವನಿಗೆ 30 ವರ್ಷ ಶಿಕ್ಷೆಯಾಯಿತು, ಡಿಸೆಂಬರ್‌ನಲ್ಲಿ ಕ್ಷಮಾದಾನವೂ ಸಿಕ್ಕಿತು, ಕ್ರಿಸ್‌ಮಸ್ ಹೊತ್ತಿಗೆ ವಾಪಸ್ ಅಮೆರಿಕಕ್ಕೆ. ಬಿದ್ದ ನೆಲ ವಿಲ್ಚೆಸ್‌ದು. ಹೊಡೆದವನೂ ಅವನ ದೇಶದವನೇ. ಇಷ್ಟು ನಿಮ್ಮ ಕಣ್ಣ ಮುಂದೆಯೇ ಇರುವಾಗ ‘ಮತ್ತು ಇನ್ನೊಬ್ಬರು’ ಅಂತ ಬರೆಯೋಕೆ ಕೈ ಹೇಗೆ ಬಂತು?

ಪಶ್ಚಿಮ ಬಂಗಾಳದ ಪುರುಲಿಯಾದ ಬಗ್ಗೆ ಇರೋ ಎರಡು ಪುಟ ತೆಗೆದುಬಿಡಿ. 1995ರಲ್ಲಿ ಅಲ್ಲಿ ಶಸ್ತ್ರ ಸುರಿದ ವಿಮಾನ ಬೀಳಲಿಲ್ಲ, ಕೆಲವು ದಿನದ ಮೇಲೆ ಮುಂಬೈಯಲ್ಲಿ ಇಳಿಸಿ ಹಿಡಿದರು. ಅದು ಬೇರೆ ಕಥೆ, ಬೇಕಾದರೆ ಬೇರೆಯಾಗಿ ಬರೆಯಿರಿ.

ಹದಿನಾಲ್ಕು ಪುಟ ಜಾಸ್ತಿ ಆಯ್ತು, ಆರು ಸಾಕು. ಆ ತೆರೆದ ಬಾಗಿಲಿನಿಂದ ಶುರು ಮಾಡಿ, ಒಳಗಿದ್ದ ನಾಲ್ವರೂ ನಮಗೆ ಕಾಣಲಿ. ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಕಳಿಸಿದರೆ ಹಾಕಿಕೊಳ್ಳುತ್ತೇನೆ. ಶೀರ್ಷಿಕೆ ನಾನೇ ಇಡುತ್ತೇನೆ, ನೀವು ಇಡಬೇಡಿ.