ಫೈಲ್ ಖಾಲಿ, ಎರರ್ ಇಲ್ಲ

ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಪ್ರೊಬೇಷನ್‌ನಲ್ಲಿರುವ ಎಷ್ಟೋ ಮಕ್ಕಳು ನನ್ನ ಹತ್ತಿರ ಬಂದು ಹೇಳುವ ಮಾತು ಒಂದೇ: 'ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ ಮೇಡಂ.' ಬೆಂಗಳೂರಿನಲ್ಲಿ ಆಪ್ತಸಲಹೆ ಕೊಡುವವರಿಗೆ ಇದು ಹಳೇ ಮಾತೇ. ಈ ಹುಡುಗನ ವಿಷಯ ಬರೆಯುತ್ತಿರುವುದು, ಸಲಹೆಯ ಹೊತ್ತಿನಲ್ಲೇ ಅವನ ಲ್ಯಾಪ್‌ಟಾಪ್ ತೆರೆಸಿ ಕೋಡ್ ನೋಡಿದ್ದಕ್ಕೆ ನನ್ನ ಸಹೋದ್ಯೋಗಿಗಳು ಆಕ್ಷೇಪ ಎತ್ತಿದ್ದರಿಂದ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಹಾಸನದ ಕಡೆಯವನು, ಮಾರತ್‌ಹಳ್ಳಿಯ ಪಿಜಿಯಲ್ಲಿ ವಾಸ. ಊಟ ಸೇರದು, ನಿದ್ದೆ ಬಾರದು. ರಾಜೀನಾಮೆ ಬರೆದಿಟ್ಟುಕೊಂಡಿದ್ದ. 'ಒಂದು ಫೈಲ್ ಬರೆಸೋಕೂ ಬರಲ್ಲ ನನಗೆ' ಅಂದ. ನಾನು ಏನೇ ಸಮಾಧಾನ ಹೇಳಿದರೂ ಸುಮ್ನೆ ತಲೆಯಾಡಿಸುತ್ತಿದ್ದ.

ಎರಡನೇ ಭೇಟಿಯಲ್ಲಿ, 'ಕಂಪನಿ ಕೋಡ್ ಬೇಡ. ಅದೇ ತೊಂದರೆ ಬರೋ ಹಾಗೆ ನಾಲ್ಕು ಸಾಲು ಬರೀರಿ' ಅಂದೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ. ಕನ್ನಡದ ಒಂದಷ್ಟು ಹೆಸರು, ಅವನ್ನು ಫೈಲಿಗೆ ಹಾಕಬೇಕು. ಓಡಿಸಿದ. ಸ್ಕ್ರೀನ್ ತಣ್ಣಗಿತ್ತು. ಫೋಲ್ಡರ್‌ನಲ್ಲಿ ಫೈಲ್ ಹುಟ್ಟಿತ್ತು, ಗಾತ್ರ 0 ಕೆಬಿ.

'ಟೀಮ್‌ನವರ ಲಿನಕ್ಸ್ ಮೆಷಿನ್‌ನಲ್ಲಿ ಸರಿಯಾಗೇ ಬರುತ್ತೆ. ನಾನು ಮುಟ್ಟಿದ್ದೆಲ್ಲ ಹೀಗೇ.'

ಕೋಡ್ ನೋಡಿದೆ. ಮೇಲೆ ಟ್ರೈ, ಕೆಳಗೆ ಎಕ್ಸೆಪ್ಟ್, ಅದರೊಳಗೆ ಪಾಸ್. ಅಂದರೆ ಏನೇ ತಪ್ಪಾದರೂ ಬಾಯಿ ಬಿಡಬೇಡ ಅಂತ. ಯಾಕೆ ಅಂತ ಕೇಳಿದೆ.

'ಕೆಂಪಕ್ಷರ ಬಂದ್ರೆ ಎದೆ ಡವಡವ ಅನ್ನುತ್ತೆ ಮೇಡಂ. ಪಕ್ಕದವರು ನೋಡ್ತಾರೆ. ಅದಕ್ಕೇ ಬರದ ಹಾಗೆ ಮಾಡ್ಕೊಂಡಿದೀನಿ.'

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಸಾಲುಗಳನ್ನು ಅವನ ಕೈಯಲ್ಲೇ ಅಳಿಸಿಸಿದೆ. ಯೂನಿಕೋಡ್‌ಎನ್‌ಕೋಡ್‌ಎರರ್ ಬಂತು, ಅಂದರೆ ಈ ಅಕ್ಷರವನ್ನು ಫೈಲಿಗೆ ಬರೆಯಲು ಆಗುತ್ತಿಲ್ಲ ಅಂತ. 'ಜೋರಾಗಿ ಓದಿ' ಅಂದೆ. ಅರ್ಧಕ್ಕೇ ನಿಲ್ಲಿಸಿ, 'ಕನ್ನಡ ಅಕ್ಷರದ್ದಾ ತೊಂದರೆ? ನನ್ನದಲ್ವಾ?' ಅಂದ.

ಆಗಿದ್ದಿಷ್ಟು. ಅವನ ವಿಂಡೋಸ್‌ನಲ್ಲಿ ಪೈಥಾನ್ 1252 ಅನ್ನೋ ಹಳೆಯ ಕೋಡ್‌ಪೇಜ್, ಅಂದರೆ ಅಕ್ಷರಪಟ್ಟಿ, ಹಿಡಿದಿತ್ತು. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಯುಟಿಎಫ್-8 ಇರುತ್ತದೆ, ಅದರಲ್ಲಿ ಕನ್ನಡವೂ ಉಂಟು. ಬರೆಯಲೆಂದು ಫೈಲ್ ತೆರೆಯುವ 'ಡಬ್ಲ್ಯೂ' ಮೋಡ್ ಮೊದಲು ಖಾಲಿ ಫೈಲ್ ಮಾಡುತ್ತದೆ, ಬರೆಯುವುದು ಆಮೇಲೆ. ಅದಕ್ಕೇ 0 ಕೆಬಿ. ಫೈಲ್ ತೆರೆಯುವ 'ಓಪನ್' ಸಾಲಿಗೆ ಯುಟಿಎಫ್-8 ಎನ್‌ಕೋಡಿಂಗ್ ಅಂತ ಸೇರಿಸಿದ. ಹೆಸರುಗಳು ಬಂದವು.

ಆಪ್ತಸಲಹೆಗಾರರು ಕೋಡ್ ನೋಡಬಹುದಾ? ನಾನು ಮೊದಲು ಸಾಫ್ಟ್‌ವೇರ್ ಕೆಲಸದಲ್ಲೇ ಇದ್ದವಳು, ಹಾಗಾಗಿ ನೋಡಿದೆ. ನೋಡಲು ಬಾರದಿದ್ದರೂ 'ಓದಿ ಹೇಳಿ' ಅನ್ನುತ್ತಿದ್ದೆ. 'ನಿಮ್ಮ ಮೇಲೆ ನಂಬಿಕೆ ಇಡಿ' ಅನ್ನುವುದು ಸುಲಭ. ಎದುರಿಗೆ ಖಾಲಿ ಫೈಲ್ ಇರುವವನಿಗೆ ಆ ಮಾತು ಹತ್ತುವುದಿಲ್ಲ. ಹಾಗಂತ ಕೋಡ್ ಸರಿಹೋದರೆ ಮನಸ್ಸೂ ಸರಿಹೋಗುತ್ತದೆ ಅಂತಲ್ಲ. ಅವನ ನಿದ್ದೆಯ ವಿಷಯ ಬೇರೆಯೇ ಮಾತಾಡಿದೆವು. ರಾತ್ರಿ ಸಂಕಟ ಜಾಸ್ತಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಅಂತ ಬರೆದುಕೊಟ್ಟೆ.

ಕೆಲಸಕ್ಕೆ ಕೊಟ್ಟ ಸಲಹೆ ಚಿಕ್ಕದು. ಎರರ್ ಮುಚ್ಚಬೇಡಿ. ಫೈಲ್ ಕಾಣದಿದ್ದರೆ ಪ್ರೋಗ್ರಾಂ ಯಾವ ಫೋಲ್ಡರ್‌ನಲ್ಲಿ ಓಡುತ್ತಿದೆ ಅಂತ ಪ್ರಿಂಟ್ ಮಾಡಿಸಿ. ಬರೆದದ್ದು ಅರ್ಧಕ್ಕೆ ನಿಂತರೆ ಫೈಲ್ ಕ್ಲೋಸ್ ಆಗಿದೆಯಾ ನೋಡಿ, ಫೈಲನ್ನು ತಾನೇ ಕ್ಲೋಸ್ ಮಾಡುವ 'ವಿತ್' ಬಳಸಿದರೆ ಆ ತಾಪತ್ರಯವೇ ಇಲ್ಲ. ಅರ್ಧ ಗಂಟೆಯಲ್ಲಿ ಬಗೆಹರಿಯದಿದ್ದರೆ ಎರರ್‌ನ ಪೂರ್ತಿ ಸಾಲು ಹಿಡಿದುಕೊಂಡು ಸೀನಿಯರ್ ಹತ್ತಿರ ಹೋಗಿ. 'ಬರ್ತಿಲ್ಲ' ಅಂತಷ್ಟೇ ಹೇಳಬೇಡಿ.

ಮುಂದಿನ ವಾರ ಅದೇ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಚಿತ್ರವಿಚಿತ್ರವಾಗಿ ಕಾಣಿಸಿತಂತೆ. ಆ ಮಧ್ಯಾಹ್ನವೇ ಸೀನಿಯರ್‌ನ ಕೇಳಿದ್ದಾನೆ. ಇದು ಯುಟಿಎಫ್-8 ಅಂತ ಎಕ್ಸೆಲ್‌ಗೆ ಫೈಲಿನ ಮೊದಲಲ್ಲೇ ಗುರುತು ಕೊಡುವ ಯುಟಿಎಫ್-8-ಸಿಗ್ ಹಾಕು ಅಂದರಂತೆ. ರಾಜೀನಾಮೆ ಪತ್ರ ಇನ್ನೂ ಡ್ರಾಫ್ಟ್‌ನಲ್ಲಿದೆ. ಅಳಿಸು ಅಂತ ನಾನು ಹೇಳಿಲ್ಲ.