ಸ್ಕಿಟ್‌ಗೆ ನಗುವ ಸಭೆ, ಆಡಿಷನ್‌ನಲ್ಲಿ ‘ಅತಿಯಾಯಿತು’ ಎಂಬ ಮಾತು

ಮಂಡ್ಯದ ಕಾಲೇಜು ವೇದಿಕೆಗಳಲ್ಲಿ ಸಭೆಯನ್ನು ನಗಿಸುವ ನಿಮ್ಮ ಅಭಿನಯ ಸಿನಿಮಾ ಆಡಿಷನ್‌ಗಳಲ್ಲಿ ‘ಅತಿಯಾಯಿತು’ ಎನ್ನಿಸಿಕೊಳ್ಳಲು ಬಹುಮಟ್ಟಿನ ಕಾರಣವೆಂದರೆ, ಕೊನೆಯ ಸಾಲಿನ ಪ್ರೇಕ್ಷಕರಿಗೆ ಮುಟ್ಟಲೆಂದು ಬೆಳೆಸಿಕೊಂಡ ದನಿ ಮತ್ತು ಮುಖಭಾವವನ್ನು ನಾಲ್ಕಡಿ ದೂರದ ಕ್ಯಾಮೆರಾಕ್ಕೂ ಅಷ್ಟೇ ಪ್ರಮಾಣದಲ್ಲಿ ಕೊಡುತ್ತಿರುವುದು. ನನ್ನ ತೊಡಕೂ ಇದೇ ಆಗಿತ್ತು. ನಿಮ್ಮ ಆಡಿಷನ್ ನೋಡಿಲ್ಲವಾದ್ದರಿಂದ ಖಚಿತವಾಗಿ ಹೇಳಲಾರೆ, ಮೊದಲು ಪರೀಕ್ಷಿಸಿಕೊಳ್ಳಿ.

ಸ್ಕಿಟ್‌ನ ಒಂದು ನಿಮಿಷದ ಭಾಗವನ್ನು ಮೊಬೈಲಿನಲ್ಲಿ ಎದೆಮಟ್ಟದವರೆಗೆ ಚಿತ್ರೀಕರಿಸಿ, ದನಿ ನಿಲ್ಲಿಸಿ ನೋಡಿ. ಹುಬ್ಬು, ತುಟಿಗಳು ಮಾತಿಗಿಂತ ಮೊದಲೇ ನಗೆಯನ್ನು ಸಾರುತ್ತಿದ್ದರೆ ಕಾರಣ ಅದೇ. ಎರಡನೆಯ ಬಾರಿ, ಪಕ್ಕದಲ್ಲಿ ಕುಳಿತವರೊಡನೆ ಮಾತನಾಡುವ ದನಿಯಲ್ಲಿ ಮಾಡಿ. ಅನಂತರದ್ದು ಎಲ್ಲಕ್ಕಿಂತ ಕಷ್ಟ: ನಗುವಿಗಾಗಿ ಬಿಡುತ್ತಿದ್ದ ವಿರಾಮವನ್ನು ತೆಗೆದುಹಾಕಬೇಕು. ವೇದಿಕೆಯಲ್ಲಿ ನಗು ಇಳಿಯುವವರೆಗೆ ಕಾಯಲೇಬೇಕು. ಚಿತ್ರೀಕರಣದಲ್ಲಿ ಎಲ್ಲರೂ ಮೌನವಾಗಿರುತ್ತಾರೆ, ಹಾಸ್ಯದ ಕಾಲಗತಿಯನ್ನು ಅರ್ಧದಷ್ಟು ಸಂಕಲನಕಾರರೇ ನಿರ್ಧರಿಸುತ್ತಾರೆ. ಆ ಮೌನದಲ್ಲಿ ನೀವು ಎದುರಿನ ನಟನ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುತ್ತಿರಬೇಕು.

ಸ್ಕಿಟ್‌ನ ಪಾತ್ರ ಐದು ನಿಮಿಷ ಒಂದೇ ಚಾಳಿಯ ಮೇಲೆ ನಿಲ್ಲಬಲ್ಲದು, ಸಿನಿಮಾದ ಪಾತ್ರಕ್ಕೆ ಅದು ಸಾಲದು. ಆ ವ್ಯಕ್ತಿಗೆ ಏನು ಬೇಕು, ಯಾರ ಭಯವಿದೆ ಎಂದು ಬರೆದುಕೊಳ್ಳಿ. ಮಂಡ್ಯದ ಆಡುಮಾತನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಒಬ್ಬರೇ ಇದನ್ನು ಸಾಧಿಸುವುದು ಕಷ್ಟ. ಮಂಡ್ಯ ರಮೇಶ್ ಅವರು ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನಲ್ಲಿ ಕಲಿತು, ಮೈಸೂರಿನ ನಾಟಕ ತಂಡ ರಂಗಾಯಣದಲ್ಲಿ ದುಡಿದ ಮೇಲೆ ಚಿತ್ರರಂಗದ ಹಾಸ್ಯನಟರಾಗಿ ಹೆಸರಾದವರು; ಮೈಸೂರಿನಲ್ಲಿ ಅವರು ಕಟ್ಟಿದ ‘ನಟನ’ ಸಂಸ್ಥೆ ಹೊಸಬರಿಗೆ ತರಬೇತಿ ನೀಡುತ್ತದೆ, ಅಲ್ಲಿ ವಿಚಾರಿಸಿ. ಮುಂದಿನ ಆಡಿಷನ್‌ಗೆ ಸ್ಕಿಟ್‌ನ ಬದಲು ಇಬ್ಬರ ಸಾಮಾನ್ಯ ಮಾತುಕತೆಯ ದೃಶ್ಯವೊಂದನ್ನು ಸಿದ್ಧಪಡಿಸಿಕೊಂಡು ಹೋಗಿ.