ಕೃತ್ತಿಕೆಯ ನಕ್ಷತ್ರಗಳು ಎಂದೆಂದಿಗೂ ಒಟ್ಟಿಗೇ ಇರುತ್ತವೆಯೇ?

ಪ್ರಶ್ನೆ: ಕಣದಲ್ಲಿ ಹರವಿದ ಕಾಫಿಗೆ ಜನವರಿಯ ರಾತ್ರಿ ಕಾವಲು ಕೂತಾಗ ನೆತ್ತಿಯ ಹತ್ತಿರ ಕೃತ್ತಿಕೆಯ ಗುಂಪು ಕಾಣುತ್ತದೆ. ಆ ನಕ್ಷತ್ರಗಳು ಯಾವಾಗಲೂ ಹೀಗೆಯೇ ಇರುತ್ತವೆಯೇ, ಒಂದು ದಿನ ಚದುರುತ್ತವೆಯೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಖಂಡಿತ ಚದುರುತ್ತವೆ, ಆದರೆ ಸಿಡಿದು ಚೆಲ್ಲಾಪಿಲ್ಲಿಯಾಗದೆ, ಒಂದೊಂದಾಗಿ ಗುಂಪು ಬಿಟ್ಟು ಹೋಗುತ್ತವೆ. ನಿಮ್ಮ ಕಣ್ಣಿಗೆ ಕಾಣುವ ಆರೇಳರ ಜೊತೆ ಕೃತ್ತಿಕೆಯಲ್ಲಿ ಸಾವಿರದಷ್ಟು ನಕ್ಷತ್ರಗಳಿವೆ. ನಮ್ಮಿಂದ ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿ, ಸುಮಾರು 10 ಕೋಟಿ ವರ್ಷಗಳ ಹಿಂದೆ ಒಂದೇ ಅನಿಲದ ಮೋಡದಲ್ಲಿ ಹುಟ್ಟಿದ ಇವುಗಳನ್ನು ಹಿಡಿದಿಟ್ಟಿರುವುದು ಪರಸ್ಪರ ಗುರುತ್ವಾಕರ್ಷಣೆಯೊಂದೇ. ಹೊಸ ನಕ್ಷತ್ರಗಳ ತೀವ್ರ ಬೆಳಕು ಉಳಿದ ಅನಿಲವನ್ನು ಹೊರಗೆ ತಳ್ಳಿದಾಗ ಆ ಹಿಡಿತ ಸಡಿಲವಾಗುವುದರಿಂದ ಎಷ್ಟೋ ಗುಚ್ಛಗಳು ಹುಟ್ಟಿದ ಸ್ವಲ್ಪ ಕಾಲದಲ್ಲೇ ಕರಗಿಹೋಗುತ್ತವೆ. ಕೃತ್ತಿಕೆ ಆ ಗಂಡಾಂತರವನ್ನು ದಾಟಿ ಬಂದಿದೆ.

ದಾಟಿದ ಮೇಲೂ ಸೋರಿಕೆ ನಿಲ್ಲುವುದಿಲ್ಲ. ನಕ್ಷತ್ರಗಳು ಒಂದರ ಹತ್ತಿರ ಒಂದು ಹಾದುಹೋಗುವಾಗ ಚಲನೆಯ ಶಕ್ತಿ ಕೈಬದಲಾಗುತ್ತದೆ: ಭಾರವಾದವು ನಿಧಾನವಾಗಿ ನಡುವಿಗೆ ಇಳಿಯುತ್ತವೆ, ಹಗುರವಾದವು ವೇಗ ಪಡೆದು ಅಂಚಿಗೆ ಸರಿಯುತ್ತವೆ. ಭೂಮಿಯ ಹಿಡಿತ ತಪ್ಪಿಸಿಕೊಳ್ಳಲು ಸೆಕೆಂಡಿಗೆ 11 ಕಿಲೋಮೀಟರ್ ವೇಗ ಬೇಕಾದರೆ, ಇಂಥ ಗುಚ್ಛದಿಂದ ಹೊರಬೀಳಲು ಒಂದೆರಡು ಕಿಲೋಮೀಟರ್ ಸಾಕು. ಅಂಚಿಗೆ ಬಂದವನ್ನು ನಮ್ಮ ಆಕಾಶಗಂಗೆಯ ಗುರುತ್ವ ಎಳೆದುಕೊಳ್ಳುತ್ತದೆ. ದಾರಿಯಲ್ಲಿ ಸಿಗುವ ಬೃಹತ್ ಅನಿಲದ ಮೋಡಗಳೂ ಗುಚ್ಛವನ್ನು ಅಲುಗಾಡಿಸುತ್ತವೆ. ಇನ್ನು ಸುಮಾರು 25 ಕೋಟಿ ವರ್ಷಗಳಲ್ಲಿ ಕೃತ್ತಿಕೆ ಗುಂಪಾಗಿ ಉಳಿಯಲಾರದೆಂದು ಅಂದಾಜಿದೆ.

ಮುಂದಿನ ಹಂತವನ್ನು ನೀವು ಅದೇ ಕಣದಿಂದ ನೋಡಬಹುದು. ಕೆಂಪಗಿನ ರೋಹಿಣಿಯ ಪಕ್ಕದಲ್ಲಿ ಬಾಣದ ಮೊನೆಯಂತೆ ಕಾಣುವ ಗುಂಪು ಸುಮಾರು 150 ಜ್ಯೋತಿರ್ವರ್ಷ ದೂರದ, 60 ಕೋಟಿ ವರ್ಷ ದಾಟಿದ ಗುಚ್ಛ. (ರೋಹಿಣಿ ಆ ಗುಚ್ಛಕ್ಕೆ ಸೇರಿದ್ದಲ್ಲ, 65 ಜ್ಯೋತಿರ್ವರ್ಷ ದೂರದಲ್ಲಿ ನಡುವೆ ನಿಂತಿದೆ.) ಅದರಿಂದ ಕಳಚಿದ ನಕ್ಷತ್ರಗಳು ಮುಂದೊಂದು, ಹಿಂದೊಂದು ಉದ್ದನೆಯ ಬಾಲವಾಗಿ ಹರಡಿರುವುದು ಗಾಯಾ ಉಪಗ್ರಹದ ಅಳತೆಗಳಿಂದ 2019ರಲ್ಲಿ ತಿಳಿಯಿತು.

ಗುಚ್ಛ ಪೂರ್ತಿ ಕರಗಿದ ಮೇಲಿನ ಸ್ಥಿತಿಗೆ ಸಪ್ತರ್ಷಿ ಮಂಡಲವೇ ಸಾಕ್ಷಿ. ಏಪ್ರಿಲ್ ರಾತ್ರಿ ಉತ್ತರಕ್ಕೆ ನೋಡಿ: ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ ಎಂಬ ನಡುವಿನ ಐದೂ, ವಸಿಷ್ಠನ ಪಕ್ಕದ ಅರುಂಧತಿಯೂ ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿ ಇಂದಿಗೂ ಒಂದೇ ದಿಕ್ಕಿಗೆ ಸಾಗುತ್ತಿವೆ. ತುದಿಗಳ ಕ್ರತುವೂ ಮರೀಚಿಯೂ ಆ ಒಡಹುಟ್ಟಿದವಲ್ಲ, ಬೇರೆ ದಿಕ್ಕು ಹಿಡಿದಿವೆ. ಆದ್ದರಿಂದ ಒಂದು ಲಕ್ಷ ವರ್ಷಗಳ ನಂತರ ಸಪ್ತರ್ಷಿಗಳ ಆಕಾರ ಈಗಿನಂತೆ ಇರುವುದಿಲ್ಲ.